ತೆರಕಣಾಂಬಿಯಲ್ಲಿ ಹತ್ತಿದವಳು

ದೆವ್ವ, ಪವಾಡ, ಸೂಚನೆ ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಕಾಫಿ ಮಾಡಲು ಹೋಗುವವಳು. ಅವರು ಸುಳ್ಳು ಹೇಳುತ್ತಾರೆಂದಲ್ಲ. ಹೆದರಿದ ಮನಸ್ಸು ಆಮೇಲೆ ತನಗೆ ಬೇಕಾದಂತೆ ನೆನಪನ್ನು ಹೊಲಿದುಕೊಳ್ಳುತ್ತದೆ ಎಂದು ಇತಿಹಾಸ ಓದಿದ ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ. ಹಾಗಿದ್ದ ಮೇಲೆ ಇದನ್ನೇಕೆ ಬರೆಯುತ್ತಿದ್ದೇನೆಂದು ನೀವು ಕೇಳಬಹುದು. ಓದಿ, ನೀವೇ ಹೇಳಿ.

ಮಗಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಗುಂಡ್ಲುಪೇಟೆ ಪಕ್ಕದ ಹಳ್ಳಿಯಲ್ಲಿರುವ ಗಂಡನ ಮನೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಹೊಲದಿಂದ ಕಿತ್ತು ತಂದ ಕಡಲೆಕಾಯಿಯನ್ನು ಅತ್ತೆ ಹುರಿದಿದ್ದರು. ಊಟದ ನಂತರ ಪಡಸಾಲೆಯಲ್ಲಿ ಕೂತು ಎಲ್ಲರೂ ಬಿಡಿಸಿ ತಿಂದೆವು. ಆಮೇಲೆ ನಾನು ಪಾಠ ಮಾಡುವ ಕಾಲೇಜಿನಿಂದ ಫೋನು ಬಂತು. ಜಗಲಿಗೆ ಹೋಗಿ ಮಾತಾಡುತ್ತಾ ನಿಂತೆ. ಬೆನ್ನ ಹಿಂದೆ ಮಗಳು ಒಬ್ಬಳೇ ಏನಕ್ಕೋ ನಗುತ್ತಿದ್ದಳು. ನಗು ಕೆಮ್ಮಾಯಿತು. ಫೋನು ಮುಗಿಸಿ ಒಳಗೆ ಬಂದಾಗ ಅವಳ ಉಸಿರು ಸುಯ್‌ಗುಡುತ್ತಿತ್ತು, ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು.

"ಅವರಪ್ಪನ್ ಉಬ್ಬಸ ಕಣವ್ವ ಇದು," ಎಂದು ಅತ್ತೆ ಹಿತ್ತಲಿನಿಂದ ಓಡಿ ಬಂದರು. "ಅವನ್ಗೂ ಎಳೇಲಿ ಇಂಗೇ ಆಯ್ತಿತ್ತು. ಎದ್ರುಕೋಬ್ಯಾಡ, ಬಿಸ್ನೀರು ಕುಡ್ಸು."

ಬೀದಿಯಲ್ಲಿದ್ದ ಮೈದುನ ಮಾದೇಶ ಆಗಲೇ ವ್ಯಾನಿನ ಕೀಲಿ ಹಿಡಿದು ಬಂದಿದ್ದ. "ನೀ ಯಾವಾಗ್ಲವ್ವ ಡಾಕ್ಟ್ರಾದೆ? ದಾರಿ ಬುಡು. ಬನ್ನಿ ಅತ್ಗೆ, ಓಗನ."

ಗುಂಡ್ಲುಪೇಟೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ, "ಮಗು ಏನಾದ್ರೂ ಬಾಯಿಗೆ ಹಾಕ್ಕೊಂಡಿತ್ತಾ?" ಎಂದು. "ಇಲ್ಲ" ಎಂದೆ. ಯೋಚಿಸದೆ ಹೇಳಿದೆ. "ಅವರಪ್ಪನಿಗೂ ಉಬ್ಬಸ ಇತ್ತು" ಎಂದು ಸೇರಿಸಿದೆ. ಅತ್ತೆಯ ಬಾಯಲ್ಲಿ ಹಳ್ಳಿಯ ಮಾತಾಗಿದ್ದದ್ದು ನನ್ನ ಬಾಯಲ್ಲಿ ವೈದ್ಯಕೀಯ ಮಾಹಿತಿಯಂತೆ ಕೇಳಿಸಿರಬೇಕು. ಅವರು ಅದಕ್ಕೆ ತಕ್ಕಂತೆ ನೆಬ್ಯುಲೈಜರ್ ಇಟ್ಟರು. ಉಸಿರು ಹದಕ್ಕೆ ಬರಲಿಲ್ಲ. ಚಾಮರಾಜನಗರಕ್ಕೆ ತಕ್ಷಣ ಹೊರಡಿ ಎಂದರು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ನಮ್ಮ ವ್ಯಾನಿನಲ್ಲೇ ಹೊರಟೆವು.

ದಾರಿಯಲ್ಲಿ ಸಿಗುವ ತೆರಕಣಾಂಬಿಯಲ್ಲಿ ವ್ಯಾನು ನಿಂತಿತು. ಇನ್ನೂ ಸಂಜೆಯ ಬಿಸಿಲಿತ್ತು. ಬಾಗಿಲು ಸರಿದು ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕ ಕೂತಳು. ವಯಸ್ಸಾದವಳು. ಅವಳ ಸೀರೆಯ ಬಣ್ಣ ನೆನಪಿದೆ ಅನ್ನಿಸುತ್ತದೆ, ಆದರೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ನಿಜವಾಗಿಬಿಡುತ್ತದೆ. ಮಗುವಿನ ಎದೆಯ ಬಲಗಡೆ ಅಂಗೈ ಇಟ್ಟು ಹೇಳಿದಳು:

"ಐಕ ನಗ್ತಾ ನಗ್ತಾ ಕಳ್ಳೇಕಾಯ ಎಳ್ಕಬುಡ್ತು ಕಣವ್ವ. ಡಾಕ್ಟ್ರುಗೆ ಯೋಳ್ಬುಡು."

ಅವಳು ಎಲ್ಲಿ ಇಳಿದಳೋ ಗೊತ್ತಿಲ್ಲ. ನಾನು ಮಗಳ ತುಟಿಯನ್ನೇ ನೋಡುತ್ತಿದ್ದೆ. ಅದು ನೀಲಿಗೆ ತಿರುಗುತ್ತಿತ್ತು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಡಾಕ್ಟರು ಬಂದ ಕೂಡಲೇ ನಾನು ಹೇಳಿದ್ದು ಇಷ್ಟೇ: "ಐಕ ನಗ್ತಾ ನಗ್ತಾ ಕಳ್ಳೇಕಾಯ ಎಳ್ಕಬುಡ್ತು." ಅವರು ಎದೆಯ ಬಲಗಡೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆ ಕಡೆಗೆ ಗಾಳಿ ಸರಿಯಾಗಿ ಹೋಗುತ್ತಿರಲಿಲ್ಲ. ಆಕ್ಸಿಜನ್ ಹಾಕಿ, ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ಅಲ್ಲಿ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಅರ್ಧ ಕಡಲೆಬೀಜವನ್ನು ತೆಗೆದರು.

"ನೀವು ನೋಡಿದ್ದು ಪುಣ್ಯ," ಎಂದರು ಮೈಸೂರಿನ ಡಾಕ್ಟರು. "ಎಷ್ಟೋ ಮನೇಲಿ ಯಾರೂ ನೋಡಿರೋದೇ ಇಲ್ಲ."

ನಾನು ನೋಡಿರಲಿಲ್ಲ.

ಮನೆಗೆ ಬಂದ ಮೇಲೆ ಮಾದೇಶನನ್ನು ಕೇಳಿದೆ, ತೆರಕಣಾಂಬಿಯಲ್ಲಿ ಹತ್ತಿದ ಅಜ್ಜಿ ಯಾರು ಎಂದು. ಅವನು ನನ್ನ ಮುಖ ನೋಡಿದ.

"ಯಾವಜ್ಜಿ ಅತ್ಗೆ? ಆಡು ಅಡ್ಡ ಬಂದ್ವು ಅಂತ ನಿಲ್ಲುಸ್ದೆ. ಕೂಸು ಅಂಗ್ ಒದ್ದಾಡ್ತಿರುವಾಗ ಯಾರ್ನ ಅತ್ತುಸ್ಕೊಳ್ಳಾನ? ನಂದೇನು ಸರ್ವೀಸ್ ಬಸ್ಸಾ?" ಆಮೇಲೆ ಹೇಳಿದ, "ಆಸ್ಪತ್ರೇಲಿ ನೀವು ಥೇಟ್ ನಮ್ಮವ್ವನಂಗೇ ಮಾತಾಡ್ಬುಟ್ರಿ. ಆ ಎದ್ರಿಕೇಲೂ ನಗು ಬಂತು ಕಣತ್ಗೆ."

ನಿಜ, ನಾನು ಹಾಗೆ ಮಾತಾಡುವವಳಲ್ಲ. ಬೆಳೆದದ್ದು ಮೈಸೂರಿನಲ್ಲಿ. ನನ್ನ ಬಾಯಲ್ಲಿ ಬರುವುದು ಮಗು, ಕಡಲೆಕಾಯಿ. ಐಕ ಎಂದು ನಾನು ಯಾವ ಮಗುವನ್ನೂ ಕರೆದ ನೆನಪಿಲ್ಲ. ಹಾಗಾದರೆ ಆ ಅಜ್ಜಿ ಹತ್ತಿದ್ದು ನಿಜವೇ ಇರಬೇಕು, ಇಲ್ಲದಿದ್ದರೆ ಅವಳ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು ಎಂದುಕೊಂಡು ಕೆಲವು ದಿನ ಧೈರ್ಯವಾಗಿದ್ದೆ. ಆದರೆ ನನ್ನ ಅಜ್ಜಿ ಇದೇ ಸೀಮೆಯ ಕುದೇರಿನವಳು. ಶಾಲೆಗೆ ಸೇರುವವರೆಗೆ ನಾನು ಬೆಳೆದದ್ದು ಅವಳ ಮಡಿಲಲ್ಲೇ. ಆಗ ಅವಳಂತೆಯೇ ಮಾತಾಡುತ್ತಿದ್ದೆನಂತೆ. ದಿಕ್ಕು ತೋಚದ ಮನಸ್ಸು ಎಲ್ಲಕ್ಕಿಂತ ಹಳೆಯ ಮಾತನ್ನು ಹಿಡಿದುಕೊಂಡಿತು ಎನ್ನಬಹುದು. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನು ಹಾಗೇ ಎನ್ನುತ್ತಿದ್ದೆ.

ಆದರೆ ಆ ವಿವರಣೆ ಅಲ್ಲಿಗೇ ನಿಲ್ಲುವುದಿಲ್ಲ. ವ್ಯಾನಿಗೆ ಯಾರೂ ಹತ್ತಲಿಲ್ಲವಾದರೆ, ಮಗು ನಗುತ್ತಾ ಕಡಲೆಬೀಜ ಎಳೆದುಕೊಂಡದ್ದನ್ನು ಕಂಡವರು ಯಾರು? ಅತ್ತೆ ಹಿತ್ತಲಲ್ಲಿದ್ದರು, ಮಾದೇಶ ಬೀದಿಯಲ್ಲಿದ್ದ. ಫೋನಿನಲ್ಲಿ ಮಾತಾಡುತ್ತಲೇ ನಾನು ಒಮ್ಮೆ ತಿರುಗಿ ನೋಡಿರಬೇಕು. ನೋಡಿಯೂ ಮಾತು ಮುಂದುವರಿಸಿರಬೇಕು. ಗುಂಡ್ಲುಪೇಟೆಯಲ್ಲಿ "ಇಲ್ಲ" ಎಂದದ್ದೂ ಅದನ್ನು ನನ್ನಿಂದಲೇ ಮುಚ್ಚಿಟ್ಟುಕೊಳ್ಳಲು ಇರಬೇಕು. ಆ ತಿರುಗಿದ ಗಳಿಗೆಯನ್ನು ನಾನು ಎಷ್ಟೋ ಸಲ ಹುಡುಕಿದ್ದೇನೆ. ನಗು ಕೇಳಿಸುತ್ತದೆ, ಮುಂದೆ ಏನೂ ಕಾಣುವುದಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೆ ಇದಾವುದೂ ನೆನಪಿಲ್ಲ. ನಾನು ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುತ್ತಲೇ ಇರುತ್ತೇನೆ. ದೆವ್ವ ಗಿವ್ವ ಈಗಲೂ ನಂಬುವುದಿಲ್ಲ. ಆದರೂ ತೆರಕಣಾಂಬಿ ಬಂತೆಂದರೆ ಹತ್ತುವವರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ, ಪಕ್ಕದ ಸೀಟಿನ ಮೇಲಿಟ್ಟ ಬ್ಯಾಗನ್ನು ತೊಡೆಗೆ ಎತ್ತಿಕೊಳ್ಳುತ್ತೇನೆ.