ಎಡೆಯಲ್ಲಿಟ್ಟ ಸಿಡಿ

ನನ್ನ ಯಜಮಾನರು ಕೆ.ಬಿ. ಬಡಾವಣೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದರು. ಪತ್ರಿಕೆಯ ನಮೂನೆಗಳೆಲ್ಲ ಒಂದು ಸಿಡಿಯಲ್ಲಿದ್ದವು. ಅದು ಸದಾ ಕಂಪ್ಯೂಟರಿನ ಡ್ರೈವ್‌ನಲ್ಲೇ ಇರುತ್ತಿತ್ತು. ಅವರನ್ನು ಆಸ್ಪತ್ರೆಗೆ ಸೇರಿಸಿದ ದಿನ, ಕಳೆದುಹೋಗಬಾರದೆಂದು ನಾನು ಅದನ್ನು ತೆಗೆದು ಮನೆಯ ಬೀರುವಿನಲ್ಲಿಟ್ಟೆ. ಕಂಪ್ಯೂಟರ್ ಹಾಗೇ ಓಡುತ್ತಿತ್ತು. ಅವರು ಮರಳಿ ಬರಲಿಲ್ಲ.

ತೀರಿಕೊಂಡ ಎಂಟನೇ ದಿನ ಅತ್ತೆಯ ಜೊತೆ ಹೋಗಿ ಅಂಗಡಿ ತೆರೆದೆ. ಡ್ರೈವ್‌ನ ಪುಟ್ಟ ಹಸಿರು ದೀಪ ಎರಡೆರಡು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಅತ್ತೆ ಅದರ ಮುಂದೆ ಕುಳಿತೇಬಿಟ್ಟರು.

“ನನ್ನ ಮಗ ಏನೋ ಕೇಳಕತ್ಯಾನೆ ನೋಡವ್ವ.”

ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಾಹೇಬರನ್ನು ಕರೆದೆ. ಅವರು ಯಜಮಾನರ ಹಳೆಯ ಗೆಳೆಯರು.

“ಕೆಟ್ಟಿಲ್ರಿ ಅಕ್ಕಾರೆ. ಒಳಗೆ ಕರ್ನೆಲ್ ಅಂತ ಒಂದೈತೆ, ಎಲ್ಲಾ ಕಾರುಬಾರು ಅದರದ್ದೇ. ಡಿಸ್ಕ್ ಐತೇನು ಅಂತ ಡ್ರೈವ್‌ನ ಕೇಳ್ತಾ ಇರ್ತೈತೆ. ನಾನದೀನಿ, ಡಿಸ್ಕ್ ಇಲ್ಲ ಅಂತ ಡ್ರೈವ್ ಹೇಳ್ತೈತೆ. ಅದಕ್ಕೇ ದೀಪ ಮಿನುಗೋದು.”

“ಒಂದ್ಸಲ ಹೇಳಿದ್ರೆ ತಿಳಿಯಲ್ವ ಅದಕ್ಕೆ?” ಎಂದರು ಅತ್ತೆ.

“ಯಾರು ಯಾವಾಗ ಹಾಕ್ತಾರೋ ಅದಕ್ಕೇನು ಗೊತ್ರಿ ಅಮ್ಮಾರೆ. ಕೇಳ್ತಾನೇ ಇರ್ಬೇಕು. ಇಲ್ಲ ಅನ್ನೋದೂ ಒಂದು ಉತ್ತರಾನೇ. ಏನೂ ಹೇಳ್ದೆ ಹೋದ್ರೆ ಮಾತ್ರ ಡ್ರೈವೇ ಸತ್ತೈತೆ ಅಂತ...” ಸಾಹೇಬರು ನಾಲಿಗೆ ಕಚ್ಚಿಕೊಂಡರು.

ಸಿಡಿ ತಂದು ಒಳಗೆ ಹಾಕಿದ್ದರೆ ಮುಗಿಯುತ್ತಿತ್ತು. ಅತ್ತೆ ಒಪ್ಪಲಿಲ್ಲ. ಕೇಳುತ್ತಿರುವುದು ಮಗ, ಆದ್ದರಿಂದ ಸಿಡಿ ಮಗನಿಗೇ ಮುಟ್ಟಬೇಕು, ಕಂಪ್ಯೂಟರಿಗಲ್ಲ ಎಂದರು. ಹನ್ನೊಂದನೇ ದಿನ ಹರಿಹರದ ಹೊಳೆದಂಡೆಯಲ್ಲಿ ಎಡೆ ಇಟ್ಟಾಗ ಅನ್ನ, ವಡೆ, ಅವರಿಗೆ ಪ್ರಿಯವಾದ ಮಿರ್ಚಿ ಮಂಡಕ್ಕಿಯ ಪಕ್ಕ ಆ ಸಿಡಿಯೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು.

ಕಾಗೆ ಮುಟ್ಟಲಿಲ್ಲ. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಆಗ ಹತ್ತಿರದವರು ಒಬ್ಬೊಬ್ಬರಾಗಿ ಮಾತು ಕೊಡಬೇಕು. ಕಾಗೆಗಳು ಮೇಲೊಂದು ಸುತ್ತು ಹಾಕಿ ಹೊರಟುಹೋಗುತ್ತಿದ್ದವು. ಅವರು ನೆಮ್ಮದಿಯಿಂದ ಹೋದರೋ ಇಲ್ಲವೋ, ನನಗೆ ಬೇಕಿದ್ದದ್ದು ಅದೊಂದೇ.

“ಅವ್ವನ್ನ ನಾನು ನೋಡ್ಕೊಂತೀನಿ, ಬಾರಣ್ಣ” ಎಂದ ಮೈದುನ. ಬರಲಿಲ್ಲ. “ಅಂಗಡಿ ಮಾರಲ್ಲ.” ಬರಲಿಲ್ಲ. “ಗುಟ್ಕಾ ಬಿಡ್ತೀನಿ.”

“ಬಾಯಾಗೆ ಇಟ್ಕೊಂಡೇ ಹೇಳ್ತೀಯಲ್ಲೋ, ಹೆಂಗೆ ನಂಬ್ತಾನೆ ಅವ್ನು?” ಅತ್ತೆ ಗದರಿದರು. ಮೈದುನ ದೂರ ಹೋಗಿ ಉಗುಳಿ ಬಂದ. ಆಗಲೂ ಬರಲಿಲ್ಲ.

ನಾನು ಕೈಮುಗಿದು, ಅಂಗಡಿ ನಾನೇ ನಡೆಸುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿದೆ. ಒಂದಕ್ಷರ ಟೈಪ್ ಮಾಡಲು ಬಾರದವಳು ನಾನು. ಅದೇ ಹೊತ್ತಿಗೆ ಹಿಂದೆ ನಿಂತಿದ್ದ ಸಾಹೇಬರು ಮೆಲ್ಲಗೆ, “ಅಕ್ಕಾರೆ, ತಪ್ಪು ತಿಳೀಬ್ಯಾಡ್ರಿ. ಕಡರನಾಯಕನಹಳ್ಳಿ ಕಡೆ ಹೊಲದಾಗೆ ಹಕ್ಕಿ ಓಡ್ಸಾಕೆ ಸಿಡಿ ಕಟ್ಟಿರ್ತಾರೆ” ಎಂದರು.

ಬಿಸಿಲಿಗೆ ಸಿಡಿ ಫಳಫಳ ಹೊಳೆಯುತ್ತಿತ್ತು. ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು, ಅನ್ನ ಬಿಟ್ಟು ಮಿರ್ಚಿಗೇ ಬಾಯಿ ಹಾಕಿತು. ಅತ್ತೆ ಅಳುತ್ತಲೇ ನಕ್ಕರು.

“ಹಂಗಾದ್ರೆ ಸಿಡಿಗೆ ಹೆದರಿತ್ತು ಅಷ್ಟೇ. ನಾವು ಮಾತು ಕೊಟ್ಟಿದ್ದಕ್ಕೆ ಬಂದಿದ್ದಲ್ಲ” ಎಂದು ಮೈದುನ ಜೇಬಿನಿಂದ ಗುಟ್ಕಾ ತೆಗೆದು ಹರಿದ.

ಯಾವುದಕ್ಕೆ ಬಂತು ಎಂದು ಸಾಹೇಬರನ್ನು ಕೇಳಿದೆ, ನನ್ನ ಮಾತನ್ನೂ ಹೇಳಿದೆ.

“ಎರಡೂ ಒಟ್ಟಿಗೇ ಆದ್ವಲ್ರಿ. ಹೆಂಗೆ ಹೇಳೋದು?”

ನನ್ನ ಮಾತು ಬೇರೆ ಯಾರಿಗೂ ಕೇಳಿರಲಿಲ್ಲ, ಬಿಡಬಹುದಿತ್ತು. ಆದರೂ ಸೋಮವಾರ ಹೋಗಿ ಷಟರ್ ಎತ್ತಿ, ಸಿಡಿಯನ್ನು ಡ್ರೈವ್‌ಗೆ ಹಾಕಿದೆ. ನಾನು ಟೈಪ್ ಮಾಡಿದ ಮೊದಲ ಪತ್ರಿಕೆಯಲ್ಲಿ ವರನ ಹೆಸರಿನ ಜಾಗಕ್ಕೆ ವಧುವಿನ ಅಪ್ಪನ ಹೆಸರು ಬಿದ್ದಿತ್ತು. ಪುಣ್ಯಕ್ಕೆ, ಪ್ರಿಂಟಿಗೆ ಹೋಗುವ ಮುಂಚೆ ಸಾಹೇಬರು ನೋಡಿದರು.