ಕಾತ್ಯಾಯಿನಿ ಡಾಕ್ಟರ ಒಂದೇ ಗೆಲುವು

ಬಾಯಿ ತೆರೆದು ಮಲಗಿದ ಮನುಷ್ಯ ಎದುರು ಮಾತಾಡಲಾರ. ಕಾತ್ಯಾಯಿನಿ ಡಾಕ್ಟರು ತಮ್ಮ ವೃತ್ತಿಯುದ್ದಕ್ಕೂ ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಂಡರು. ಬಸವೇಶ್ವರನಗರದ ಅವರ ಹಲ್ಲಿನ ಕ್ಲಿನಿಕ್ಕಿನಲ್ಲಿ, ರೋಗಿಯ ಕುರ್ಚಿಗೆ ನೇರ ಮೇಲೆ, ಚಾವಣಿಗೆ ಒಂದು ಚದುರಂಗದ ಚಿತ್ರ ಅಂಟಿಸಿದ್ದರು. ಕೆಲವೇ ಕಾಯಿಗಳು ಉಳಿದಿರುವ ಮಣೆ. ಕೆಳಗೆ ಅವರದೇ ಅಕ್ಷರದಲ್ಲಿ, 'ಬಿಳಿ ಆಡಿ ಗೆಲ್ಲಬೇಕು.'

ನಾನು ಅದೇ ಕಟ್ಟಡದ ಕೆಳಗಡೆ ಕನ್ನಡಕದ ಅಂಗಡಿ ಇಟ್ಟಿರುವವನು. ದವಡೆ ಹಲ್ಲು ಹುಳುಕಾಗಿ ಮೊದಲ ಸಲ ಅವರ ಮೆಟ್ಟಿಲು ಹತ್ತಿದಾಗ ಅವರು ನನ್ನ ಹೆಸರೂ ಕೇಳಲಿಲ್ಲ. ಇಂಜೆಕ್ಷನ್ ಚುಚ್ಚಿ, "ಜೋಮು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು. ಚೆಸ್ ಬರುತ್ತಾ? ಮೇಲೆ ನೋಡಿ," ಅಂದರು. ದಪ್ಪವಾಗುತ್ತಿದ್ದ ನಾಲಿಗೆಯಲ್ಲಿ ನಾನು ಏನೋ ತೊದಲಿದೆ.

"ಆನೇನಾ? ಇಲ್ಲಿ ಮಲಗಿದವರೆಲ್ಲ ಆನೆ ಅಂತಾನೇ ಹೇಳ್ತಾರೆ. ಬಾಯಿ ತೆಗೀರಿ."

ಅವರ ತಿರಸ್ಕಾರಕ್ಕೆ ಭೇದಭಾವವಿರಲಿಲ್ಲ. ಸರಿಯಾಗಿ ಹಲ್ಲುಜ್ಜದವರು, ಗೂಗಲ್ ನೋಡಿಕೊಂಡು ಬಂದು ತಮ್ಮ ರೋಗವನ್ನು ತಾವೇ ಹೇಳುವವರು, ಪಾರ್ಕಿನಲ್ಲಿ ಕೂತು ಚೆಸ್ ಆಡುವ ರಿಟೈರ್ಡ್ ಗಂಡಸರು, ಎಲ್ಲರಿಗೂ ಸಮಪಾಲು. "ಕಾಯಿ ಇಡೋದು ನೋಡು ಅವರು, ತೆಂಗಿನಕಾಯಿ ಒಡೆಯೋ ಹಾಗೆ! ಶಬ್ದ ಬಂದ್ರೆ ಒಳ್ಳೇ ನಡೆ ಅಂತ ತಿಳ್ಕೊಂಡಿದಾರೆ." ಎದುರಿಗಿದ್ದವರು ಕೆಟ್ಟ ನಡೆ ಆಡಿದರೆ ಅವರು ಬೈಯುತ್ತಿರಲಿಲ್ಲ. ಯಾರೋ ಮನೆಯೊಳಗೆ ಉಗುಳಿದಂತೆ ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತಿದ್ದರು. ಬೈಸಿಕೊಳ್ಳುವುದೇ ಮೇಲು ಅನ್ನಿಸುತ್ತಿತ್ತು.

ಪಂದ್ಯ ಆಡುವುದಕ್ಕಿಂತ ಸಮಸ್ಯೆ ಕಟ್ಟುವುದು ಅವರ ಹುಚ್ಚು. ಚಾವಣಿಯ ಚಿತ್ರ ಅವರೇ ಕಟ್ಟಿದ್ದು, ಕಾಲೇಜಿನ ದಿನಗಳಿಂದ ತಿದ್ದುತ್ತ ಬಂದದ್ದು. ಬಿಳಿಯ ಒಂಟೆ, ಹೊಡೆದಾಡುತ್ತಿರುವ ಜಾಗ ಬಿಟ್ಟು, ಮಣೆಯ ದೂರದ ಮೂಲೆಗೆ ಹೋಗಿ ಕೂರಬೇಕು. ನೋಡಿದರೆ ಸುಮ್ಮನೆ ಓಡಿಹೋದ ಹಾಗೆ. ಅಲ್ಲಿಂದಲೇ ಗೆಲುವು. ಇಂಥ ಸಮಸ್ಯೆಗೆ ಒಂದೇ ಕಟ್ಟುನಿಟ್ಟು: ಗೆಲ್ಲುವ ದಾರಿ ಒಂದೇ ಇರಬೇಕು. ಎರಡನೆಯದು ಸಿಕ್ಕಿತೋ, ಸಮಸ್ಯೆ ಸತ್ತಂತೆ. ಎಷ್ಟೋ ರೋಗಿಗಳು ಆ ಮೂಲೆಯನ್ನು ಕಾಣದೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರು. ನಾನು ಕಾಣಲು ಎರಡು ಹಲ್ಲು ಹುಳುಕಾಗಬೇಕಾಯಿತು. ಆಮೇಲೆ ಭಾನುವಾರಗಳಲ್ಲಿ ಕ್ಲಿನಿಕ್ಕಿನ ವೆಯ್ಟಿಂಗ್ ರೂಮಿನಲ್ಲಿ ಮಣೆ ಹಾಕಿ ಕೂರಲು ನನಗೆ ಅಪ್ಪಣೆಯಾಯಿತು.

ಗಿರೀಶನನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನೇ. ನನ್ನ ಸ್ನೇಹಿತ, ರಾಜಾಜಿನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಅವನಿಗೆ ಚೆಸ್ ಅಷ್ಟಕ್ಕಷ್ಟೇ. ಚೆಸ್ ಆಡುವ ಪ್ರೋಗ್ರಾಮುಗಳ ಮೇಲೆ ಪ್ರಾಣ. ಅವಕ್ಕೆ ಎಂಜಿನ್ ಅನ್ನುತ್ತಾರೆ. ಹಳೆಯದು, ಹೊಸದು, ಎಲ್ಲ ಇಟ್ಟುಕೊಂಡು, ಒಂದೇ ಕಷ್ಟದ ಸಮಸ್ಯೆಯನ್ನು ಎಲ್ಲಕ್ಕೂ ಕೊಟ್ಟು, ಯಾವುದು ಮೊದಲು ಗೆಲ್ಲುವ ನಡೆ ಕಂಡುಹಿಡಿಯುತ್ತದೆ ಅಂತ ಟೈಮ್ ಹಿಡಿಯುವುದು ಅವನ ಭಾನುವಾರ. ಡಾಕ್ಟರು ಆ ಎಂಜಿನ್‌ಗಳನ್ನು ಓಟದ ಹೋರಿಗಳು ಅಂತ ಕರೆದರು.

"ಏನಪ್ಪ, ಇವತ್ತು ಯಾವ ಹೋರಿ ಓಡ್ತು?"

"ಹೊಸದು ಮೇಡಂ! ನಾಲ್ಕೇ ಸೆಕೆಂಡ್! ಹಳೇದಕ್ಕೆ ಹತ್ತು ನಿಮಿಷ ಬೇಕಾಯ್ತು."

"ಓಹೋ. ಉಳಿಸಿದ ಹತ್ತು ನಿಮಿಷದಲ್ಲಿ ಅದು ಏನು ಮಾಡ್ತು? ನಡೆ ಚೆನ್ನಾಗಿದೆ ಅಂತ ಎದ್ದು ಒಂದು ಸುತ್ತು ಓಡಾಡ್ಕೊಂಡು ಬಂತಾ?"

ಗಿರೀಶ ನಕ್ಕ. ಅದು ತಮಾಷೆ ಅಂದುಕೊಂಡಿದ್ದ.

ಒಂದು ದಿನ ಅವನು ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಮಲಗಿದ್ದಾಗ ಚಾವಣಿಯ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಂಡು ಹೋದ. ಮುಂದಿನ ಭಾನುವಾರ ಮೆಟ್ಟಿಲು ಹತ್ತುತ್ತಲೇ ಕೂಗಿದ. "ಮೇಡಂ, ನಿಮ್ಮದನ್ನ ಓಡಿಸಿದೆ! ಹಳೇದು ಒಂಟೆ ಮೂಲೆಗೆ ಹಾಕ್ತು. ಹೊಸದು ಬೇರೇನೇ ಹೇಳ್ತು. ತಪ್ಪು ಅಂತ ಅನ್ಕೊಂಡೆ. ಇಲ್ಲ ಮೇಡಂ, ರಾಜನ್ನ ಈ ಕಡೆಯಿಂದ ನಡೆಸ್ಕೊಂಡು ಹೋದ್ರೂ ಬಿಳಿ ಗೆಲ್ಲುತ್ತೆ! ಎರಡೇ ಸೆಕೆಂಡ್!"

ಅವನ ಕಾಲು ತುಳಿಯೋಣವೆಂದರೆ ದೂರ ನಿಂತಿದ್ದ. ತಾನು ಏನು ಹೇಳಿದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಕಾಯಿಗಳನ್ನು ಜೋಡಿಸಿದರು. ಕಪ್ಪಿನ ಕಡೆಯಿಂದ ಸಾಧ್ಯವಿದ್ದ ಎಲ್ಲ ಅಡ್ಡಿಗಳನ್ನೂ ತಾವೇ ಒಡ್ಡಿದರು. ಒಂದೊಂದಾಗಿ ಎಲ್ಲ ಮುರಿದವು. ಕಾಫಿಯ ಮೇಲೆ ಕೆನೆ ಕಟ್ಟಿತು. ಕೊನೆಗೆ ತಲೆ ಎತ್ತಿದರು.

"ಸರಿಯಾಗಿದೆ. ಬಚ್ಚಲಲ್ಲಿ ಜಿರಲೆ ಹರಿದ ಹಾಗೆ ಹರೀತಾನೆ ಆ ರಾಜ, ನೋಡೋಕೆ ಅಸಹ್ಯ. ಆದ್ರೆ ಸರಿಯಾಗಿದೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಎತ್ತರ ಇದೀಯ. ಸ್ಟೂಲ್ ಹಾಕ್ಕೊಂಡು ಅದನ್ನ ಕಿತ್ತುಬಿಡು," ಅಂದರು.

ಕಿತ್ತೆ. ಚಾವಣಿಯಲ್ಲಿ ಒಂದು ಬಿಳಿಚಿದ ಚೌಕ ಉಳಿಯಿತು. ಅಂದಿನಿಂದ ಭಾನುವಾರಗಳು ನಿಂತವು. ಡಾಕ್ಟರು ಮಾತಿಲ್ಲದೆ ಹಲ್ಲು ಕೊರೆಯತೊಡಗಿದರು. ರೋಗಿಗಳು ನನ್ನ ಅಂಗಡಿಗೆ ಇಳಿದು ಬಂದು, "ಡಾಕ್ಟ್ರಿಗೆ ಹುಷಾರಿಲ್ವಾ ಸಾರ್? ಒಂದು ಮಾತೂ ಬೈಯಲಿಲ್ಲ," ಅಂತ ಗಾಬರಿಯಿಂದ ಕೇಳುತ್ತಿದ್ದರು.

ಹಬ್ಬ ಕಳೆದ ಮೇಲೆ ಒಂದು ದಿನ ಗಿರೀಶ ನನ್ನ ಅಂಗಡಿಗೆ ಬಂದ. "ಮಗಾ, ಮೇಡಂ ಫೋನ್ ಮಾಡಿದ್ರು. ಹೋರಿಗಳನ್ನ ಹೊಡ್ಕೊಂಡು ಬಾ ಅಂದ್ರು. ನೀನೂ ಬಾರೋ, ಭಯ ಆಗುತ್ತೆ."

ಹೋದೆವು. ಅವರು ಮಣೆಯ ಮುಂದೆ ಕೂತಿದ್ದರು. ಒಂದು ಕಾಲಾಳನ್ನು ಸರಿಸಿ, "ಈಗ ಬಿಡು. ಎಲ್ಲಿ ಸೋರುತ್ತೆ ತೋರಿಸು," ಅಂದರು. ಎಂಜಿನ್ ಕ್ಷಣದಲ್ಲಿ ಇನ್ನೊಂದು ಗೆಲುವು ತೋರಿಸಿತು. ಮತ್ತೆ ಸರಿಸಿದರು, ಮತ್ತೆ ಸೋರಿತು. ಆ ವರ್ಷವೆಲ್ಲ ಅದೇ ಕೆಲಸ. ನಲ್ಲಿ ರಿಪೇರಿಗೆ ಕರೆಸಿದವರನ್ನು ಗದರಿಸುವ ಹಾಗೆ ಲ್ಯಾಪ್‌ಟಾಪನ್ನು ಗದರಿಸುತ್ತಿದ್ದರು. ಗಿರೀಶನದು ಹಳೆಯ ಚಾಳಿ.

"ಮೇಡಂ, ಈ ಸಲ ನಲವತ್ತು ಸೆಕೆಂಡ್ ತಗೊಂಡ್ತು!"

"ನಾನು ಸೆಕೆಂಡ್ ಕೇಳಿದ್ನಾ? ಬೇರೆ ದಾರಿ ಇದೆಯೋ ಇಲ್ವೋ, ಅಷ್ಟು ಹೇಳು."

ಈ ನಡುವೆ ಅವರ ಬಲಗೈ ನಡುಗಲು ಶುರುವಾಯಿತು. ನಮಗೆ ಗೊತ್ತಾಗುವ ಮುಂಚೆ ಅವರಿಗೇ ಗೊತ್ತಾಗಿತ್ತು. ಬಾಯಿ ತೆರೆದು ಮಲಗಿದ್ದ ಒಬ್ಬ ಹೆಂಗಸನ್ನು ಎಬ್ಬಿಸಿ, ಆಟೋ ಹತ್ತಿಸಿ, ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಅದೇ ವಾರ ಕ್ಲಿನಿಕ್ ಮುಚ್ಚಿದರು. "ಕೈ ನಡುಗೋ ಡೆಂಟಿಸ್ಟ್ ಹತ್ರ ಬರೋಳು ದಡ್ಡಿ. ಬಂದ್ರೆ ಸೇರಿಸ್ಕೊಳ್ಳೋಳು ಕಳ್ಳಿ," ಅಂದರು. ಮಣೆಯ ಮೇಲೆ ಕಾಯಿಗಳು ಉರುಳತೊಡಗಿದಾಗ ಎಡಗೈಯಲ್ಲಿ ಆಡಿದರು.

ಕೊನೆಗೆ ಒಂದು ಮಧ್ಯಾಹ್ನ, ಮುಚ್ಚಿದ ಕ್ಲಿನಿಕ್ಕಿನ ಅದೇ ವೆಯ್ಟಿಂಗ್ ರೂಮಿನಲ್ಲಿ, ಕಪ್ಪಿನ ಒಂದು ಕಾಲಾಳನ್ನು ಒಂದೇ ಮನೆ ಹಿಂದಕ್ಕೆ ಎಳೆದರು. ಹಳೆಯ ಎಂಜಿನ್ ಸಂಜೆಯವರೆಗೂ ಒದ್ದಾಡಿತು, ಗೆಲುವು ಸಿಗಲಿಲ್ಲ. ಹೊಸದೂ ತಡಕಾಡಿ ತಡಕಾಡಿ ಕೊನೆಗೆ ಒಂಟೆಯನ್ನು ಮೂಲೆಗೆ ಕಳಿಸಿತು. ಬೇರೆ ಯಾವ ನಡೆ ಆಡಿದರೂ ಡ್ರಾ. ಗಿರೀಶ ಕುರ್ಚಿಯಿಂದ ಎದ್ದೇಬಿಟ್ಟ.

"ಇಪ್ಪತ್ತು ನಿಮಿಷ ಮೇಡಂ! ಹೊಸದಕ್ಕೇ ಇಪ್ಪತ್ತು ನಿಮಿಷ!"

ಡಾಕ್ಟರು ಪರದೆ ನೋಡಲಿಲ್ಲ. ಎಡಗೈಯಿಂದ ಒಂಟೆಯನ್ನು ಎತ್ತಿ ಮೂಲೆಯಲ್ಲಿಟ್ಟರು. ಸುಮಾರು ಹೊತ್ತು ನೋಡಿದರು. "ಚೆನ್ನಾಗಿದೆ," ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಕೂಡಲೇ ಸಾವರಿಸಿಕೊಂಡು, "ಇಷ್ಟು ವರ್ಷ ತಪ್ಪು ಜಾಗದಲ್ಲಿ ಕಾಲಾಳು ಇಟ್ಕೊಂಡು ಊರವರನ್ನೆಲ್ಲ ದಡ್ಡರು ಅಂದೆ. ದಡ್ಡರು ಹೌದು, ಅದರಲ್ಲಿ ಅನುಮಾನ ಬೇಡ. ಆದ್ರೆ ಕಾಲಾಳೂ ತಪ್ಪಾಗಿತ್ತು," ಅಂದರು. ಆಮೇಲೆ ಆ ಗೆಲುವಿನ ಒಂದೊಂದು ನಡೆಯನ್ನೂ ಆಡಿ ತೋರಿಸುತ್ತ, ಕಪ್ಪು ಯಾಕೆ ಎಲ್ಲೂ ತಪ್ಪಿಸಿಕೊಳ್ಳಲಾರದು ಅಂತ ವಿವರಿಸಿದರು. ಕೆಳಗೆ ಅಂಗಡಿಗೆ ಗಿರಾಕಿ ಬಂದದ್ದರಿಂದ ನಾನು ಅರ್ಧಕ್ಕೇ ಎದ್ದು ಹೋದೆ.

ಕ್ಲಿನಿಕ್ ಖಾಲಿ ಮಾಡಿ ಅವರು ಕೆಂಗೇರಿಯ ಅಕ್ಕನ ಮಗಳ ಮನೆಗೆ ಹೋದರು. ಮರುವರ್ಷ ತೀರಿಕೊಂಡರು. ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಿರೀಶ ಅವರ ಸಮಸ್ಯೆಯನ್ನು, ಅವರ ಹೆಸರು ಹಾಕಿ, ಎಂಜಿನ್ ಹುಚ್ಚಿನವರು ಸೇರುವ ಒಂದು ವೆಬ್‌ಸೈಟಿಗೆ ಹಾಕಿದ. ದೇಶದೇಶಗಳಿಂದ ಉತ್ತರ ಬಂದವು. ಮೊನ್ನೆ ಅಂಗಡಿಗೆ ಬಂದು ಫೋನ್ ತೋರಿಸಿದ. 'ನನ್ನ ಮೆಷಿನ್ನಲ್ಲಿ ಒಂಬತ್ತು ನಿಮಿಷ' ಅಂತ ಒಬ್ಬ, 'ನನ್ನದರಲ್ಲಿ ಆರು' ಅಂತ ಇನ್ನೊಬ್ಬ, 'ಹೊಸ ಪ್ರೊಸೆಸರ್ ಹಾಕಿದರೆ ಮೂರು' ಅಂತ ಮತ್ತೊಬ್ಬ. ಉದ್ದಕ್ಕೂ ಅದೇ. ಕಟ್ಟಿದವರು ಯಾರು ಅಂತ ಕೇಳಿದವರಿಲ್ಲ. ಒಂಟೆ ಹೋಗಿ ಆ ಮೂಲೆಯಲ್ಲಿ ಕೂತದ್ದನ್ನು ನೋಡಿ ಒಬ್ಬನಾದರೂ ಆಹಾ ಅಂದಿರಲಿಲ್ಲ.

"ಕತ್ತೆಗಳು ಗುರು," ಅಂದ ಗಿರೀಶ. "ಒಬ್ಬನೂ ನಡೆ ನೋಡಿಲ್ಲ."

ಕನ್ನಡಕಗಳನ್ನು ಪಕ್ಕಕ್ಕೆ ಸರಿಸಿ, ಗಾಜಿನ ಕೌಂಟರಿನ ಮೇಲೆ ಮಣೆ ಹಾಕಿದೆವು. ಒಂಟೆ ಮೂಲೆಗೆ ಹೋಯಿತು. ಮುಂದಿನ ಕೆಲವು ನಡೆ ನೆನಪಿದ್ದವು, ಆಡಿದೆವು. ಆಮೇಲೆ ನಿಂತುಹೋಯಿತು. ಕಪ್ಪಿನ ರಾಜ ಪಕ್ಕದ ಕಾಲಾಳನ್ನು ಯಾಕೆ ಹೊಡೆಯಬಾರದು? ನಾನೊಂದು ಕಾರಣ ಹೇಳಿದೆ, ಅವನೊಂದು ಹೇಳಿದ. ಎರಡೂ ಕೆಲಸಕ್ಕೆ ಬಾರದವು. ಅವನ ಕೈ ಫೋನಿನ ಕಡೆ ಹೋಯಿತು. ಮತ್ತೆ ಏನನ್ನಿಸಿತೋ, ಅದನ್ನು ಬೋರಲು ಹಾಕಿ ಇಟ್ಟ.

"ಮೇಡಂ ಇದನ್ನ ಹೇಳಿದ್ರು ಕಣೋ, ಅವತ್ತು," ಅಂದ. "ನಾನು ಟೈಮ್ ನೋಡ್ತಾ ಇದ್ದೆ."