ಕಾಕಾ ಕೆರೆದು ತೆಗೆದ ಚೀಟಿ

"ತಂಗೀ, ಮೊದಲ ಈ ಚೀಟಿ ಕಿತ್ತ ಹಾಕು" ಎಂದು ರಾಜೇಸಾಬ ಕಾಕಾ ತುಪ್ಪದ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದರು. ಬಾಗಲಕೋಟೆಯ ನನ್ನ ಸಣ್ಣ ಅಂಗಡಿಗೆ ಬೇವೂರಿನಿಂದ ತುಪ್ಪ ತಂದುಕೊಡುವ ರೈತರು ಅವರು. ಗಿರಾಕಿಗಳು ಕೇಳುತ್ತಾರೆಂದು ಬಾಟಲಿಗಳ ಮೇಲೆ ನಾನೇ ‘ಕುಲಾಂತರಿ ಮುಕ್ತ’ ಎಂಬ ಚೀಟಿ ಅಂಟಿಸಿದ್ದೆ. ಎಮ್ಮೆಯ ತುಪ್ಪಕ್ಕೂ ಕುಲಾಂತರಿ ಬೆಳೆಗೂ ಏನು ಸಂಬಂಧ ಎಂದುಕೊಂಡಿದ್ದೆ.

"ನಮ್ಮ ಎಮ್ಮಿ ದಿನಾ ತಿನ್ನೋದು ಹತ್ತಿಕಾಳಿನ ಹಿಂಡಿ. ಆ ಹತ್ತಿ ಬಿ.ಟಿ. ಬೀಜದ್ದು, ಅಂದ್ರ ಕುಲಾಂತರಿನ; ನನ್ನ ಹೊಲದಾಗೂ ಅದೇ ಐತಿ. ಅದು ಕೆಟ್ಟದ್ದಂತ ನಾ ಅನ್ನಂಗಿಲ್ಲ. ಆದ್ರ ತಿನ್ನಾವ್ರಿಗೆ ಖರೆ ಹೇಳು. ತಗೊಳ್ಳೋದು ಬಿಡೋದು ಅವ್ರಿಗೆ ಬಿಟ್ಟದ್ದು."

ಗಿರಾಕಿ ತಪ್ಪಿದರೆ ನನಗಿಂತ ಅವರಿಗೇ ನಷ್ಟ. ಆದರೂ ಹೊಸ್ತಿಲ ಮೇಲೆ ಕೂತು, ಉಗುರಿನಿಂದ ಒಂದೊಂದೇ ಚೀಟಿ ಕೆರೆದು ತೆಗೆದೇ ಎದ್ದರು.

ಈಗ ಚೀಟಿಯ ಮೇಲೆ ‘ಎಮ್ಮೆಯ ಮೇವು: ಜೋಳದ ಕಣಿಕಿ, ಬಿ.ಟಿ. ಹತ್ತಿಕಾಳಿನ ಹಿಂಡಿ’ ಎಂದು ಬರೆಯುತ್ತೇನೆ. ಕೆಲವರು ಓದಿ ಬಾಟಲಿಯನ್ನು ವಾಪಸ್ ಇಡುತ್ತಾರೆ, ಇಡಲಿ. ಯಾರು ಏನೇ ಕೇಳಿದರೂ ಮುಖ ನೋಡಿ ಉತ್ತರ ಕೊಡುವ ಧೈರ್ಯವನ್ನು ಕಾಕಾ ಅಂದು ತುಪ್ಪದ ಜೊತೆ ಪುಕ್ಕಟೆ ಕೊಟ್ಟುಹೋದರು.